ಮೂಕರ್ಜಿ

ಸೋದರಮಾವ ಮುರಿಗೆಪ್ಪನದು ರೆಮಿಂಗ್ಟನ್,
ದಾವಣಗೆರೆ ಹಳೇ ಕೋರ್ಟಿನ ಮುಂದೆ, ಬೇವಿನ ನೆರಳು.
ಅದರ 'ರ' ಸಾಲಿನಿಂದ ಕೂದಲೆಳೆ ಕೆಳಗೆ ಬೀಳುತ್ತಿತ್ತು,
ಮಂದೆಯಲ್ಲಿ ಕುಂಟುವ ಕುರಿಯ ಹಾಗೆ.

ಎಂಬತ್ತೇಳರಲ್ಲಿ ಒಂದು ಮೂಕರ್ಜಿ:
ನಗರಸಭೆಯ ನೀರಿನ ಪೈಪು ಒಂದೇ, ಬಿಲ್ಲು ಎರಡು.
ಸಹಿ ಇರಲಿಲ್ಲ, ವಿಳಾಸ ಇರಲಿಲ್ಲ.
ಆ 'ರ' ಮಾತ್ರ ಬೆರಳು ಮಾಡಿ ತೋರಿಸಿತು.
ಮೂರನೇ ದಿನ ಮಶೀನು ಚರಂಡಿಯಲ್ಲಿ,
ಮಾವನ ಬಲಗೈ ಬ್ಯಾಂಡೇಜಿನಲ್ಲಿ.

ಈಗ ನಾನು, ಆಸ್ಪತ್ರೆ ಸ್ಟೋರಿನವಳು,
ಮಂಡಕ್ಕಿ ಭಟ್ಟಿಯ ಹಿಂದೆ ಹೊಗೆಯಲ್ಲಿ ಕೂತು
ಫೋನು ಹಿಡಿದಿದ್ದೇನೆ. ನನ್ನದಲ್ಲ.
ಬಾರದ ಗ್ಲೂಕೋಸು ಬಂದಿದೆಯೆಂದ ರಿಜಿಸ್ಟರು,
ಹನ್ನೊಂದು ಪುಟ. ಒಂದರ ಅಂಚಿಗೆ ನನ್ನ ಹೆಬ್ಬೆರಳಿತ್ತು,
ಕತ್ತರಿಸಿದೆ.
ಚಿತ್ರದಿಂದ ತಾರೀಖು ತೊಳೆದುಹೋಯಿತು, ಜಾಗವೂ,
ಹೋದ ದಾರಿ ತನ್ನ ಹೆಜ್ಜೆ ತಾನೇ ಅಳಿಸಿಕೊಂಡಿತು.

ರಸೀದಿಯ ಬದಲು ಆರು ಪದ ಬಂದವು:
ಜರಡಿ ಒಂಟೆ ಸೋಮವಾರ ಗೋಂದು ತೊಟ್ಟಿಲು ಮೆಂತ್ಯ.
(ಅವಲ್ಲ ಬಿಡಿ. ಅವನ್ನು ಇಲ್ಲಿ ಬರೆಯುತ್ತೇನೆಯೇ?)
ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದೆ.
ಒಗಟೇನಮ್ಮ, ಅಂದ ಮಗ.
ಹೌದು ಕಣೋ, ಬಿಡಿಸಬೇಡ.

ಹದಿನೇಳನೇ ದಿನ ಆ ಪದಗಳೇ ಬಾಗಿಲು ತೆಗೆದವು:
'ಓದಿದ್ದೇವೆ. ಬ್ಯಾಚ್ ನಂಬರು ಸಿಕ್ಕೀತೇ?'
ಅಷ್ಟೇ. ಹೆಸರು ಕೇಳಲಿಲ್ಲ.
ಯಾರೂ ಕೇಳದಿದ್ದಾಗ ಹೆಸರು
ಎಷ್ಟು ಹಗುರ, ಎಷ್ಟು ಒಂಟಿ.

ಮಾವನಿಗೊಬ್ಬನಿಗೆ ಹೇಳಬೇಕೆನಿಸುತ್ತದೆ. ಹೇಳಲಾರೆ.
ಅವನು ಕಟ್ಟೆಯ ಮೇಲೆ ಕೂತು, ಮಡಚಲು ಬಾರದ ಬೆರಳಿಂದ
ತೊಡೆಯ ಮೇಲೆ ಏನೋ ಟೈಪು ಮಾಡುತ್ತಿರುತ್ತಾನೆ.
ನೋಡುತ್ತ ನಿಲ್ಲುತ್ತೇನೆ.
ಸಾಲಿನಲ್ಲಿ ಎಲ್ಲೋ ಒಂದು ಕಡೆ
ಬೆರಳು, ಕೂದಲೆಳೆಯಷ್ಟು,
ಕೆಳಗೆ ಬೀಳುತ್ತದೆ.