ಒಂದು ಬೀಡಿಯ ಹೊತ್ತು

ಲ್ಯಾಪ್‌ಟಾಪು ಹೇಳುವುದು ಒಂದೇ ಮಾತು:
ರೈಲಿನಲ್ಲಿ ಒತ್ತಡ ಕಡಿಮೆ.
ರೈಲೆಂದರೆ ಇಲ್ಲಿ ಮೊಳದುದ್ದದ ಉಕ್ಕಿನ ಕೊಳವೆ,
ಆರು ಇಂಜೆಕ್ಟರುಗಳು ಬಾಯ್ತೆರೆದು ಕಾಯುವ ಬೀದಿ ನಲ್ಲಿ.

ಮಾಲೀಂ ಜೆಟ್ಟಿ. ಆಗಸ್ಟಿನ ಮೊದಲ ವಾರ.
ನಿಷೇಧ ಮುಗಿದು ದೋಣಿಗಳೆಲ್ಲ ಮಾಂಡವಿ ಇಳಿದು ಹೋಗಿವೆ.
'ದರ್ಯಾಚೆಂ ಫೂಲ್' ಒಂದೇ ಉಳಿದಿದೆ,
ಹೊಟ್ಟೆಯಲ್ಲಿ ತುಂಬಿಸಿದ ಮಂಜುಗಡ್ಡೆ ಸುಮ್ಮನೆ ಕರಗುತ್ತಿದೆ.
ನನಗಿಂತ ಮೊದಲು ಬಂದವರು
ಫಿಲ್ಟರು ಬದಲಿಸಿದರು, ಸೆನ್ಸರು ಬದಲಿಸಿದರು,
ಪುಣೆಯಿಂದ ಹೊಸ ಪಂಪು ತರಿಸಿ ಕೂರಿಸಿದರು.
ಮಾಲಕಿ ಎಸ್ಪೆರಾನ್ಸಾ ಬಾಯಿ ಬಿಲ್ಲುಗಳನ್ನು
ಬಿಸ್ಕತ್ತಿನ ಡಬ್ಬಿಯಲ್ಲಿ ತಂದು
ಮುಚ್ಚಳ ತೆರೆದು ತೋರಿಸಿದರು. ಏನೂ ಅನ್ನಲಿಲ್ಲ.

ನಾನು ರೋಣದ ಕಡೆಯವ, ಎರೆಮಣ್ಣಿನವ.
ಈಜು ಬಾರದು, ಈಗಲೂ.
ಸಮುದ್ರ ನನಗೆ ಇಂಜಿನ್ ರೂಮಿನಷ್ಟೇ ಗೊತ್ತು.

ತಾಂಡೇಲ ಪಾಸ್ಕುವನ್ನು ಕೇಳಿದೆ:
ಎಲ್ಲಿ ನಿಲ್ಲುತ್ತದೆ?
"ಆಗ್ವಾದದ ದೀಪ ಬೆನ್ನಿಗೆ ಬಿದ್ದ ಮೇಲೆ. ದಿನಾ ಅಲ್ಲೇ."
ಹೇಗೆ, ಒಮ್ಮೆಗೇ?
"ಇಲ್ಲ. ಮುದುಕ ಮೆಟ್ಟಿಲು ಹತ್ತಿದ ಹಾಗೆ."
ಮತ್ತೆ ಹೊರಡುವುದು?
ಅವನು ಬೆರಳ ಸಂದಿಯ ಬೀಡಿ ನೋಡಿದ.
"ಇದೊಂದು ಮುಗಿಯೋ ಹೊತ್ತಿಗೆ."

ಆ ಬೀಡಿಯನ್ನು ಯಾವ ಕೇಬಲ್ಲೂ ಓದಿರಲಿಲ್ಲ.
ಕೆಟ್ಟ ಪಂಪು ಬೀಡಿ ಸೇದುವಷ್ಟರಲ್ಲಿ ಗುಣವಾಗುವುದಿಲ್ಲ.
ತುಂಡಾದ ವೈರಿಗೆ ಆಗ್ವಾದ ಗೊತ್ತಿರುವುದಿಲ್ಲ.

ಹೊರಟೆವು. ದೀಪ ಹಿಂದಾಯಿತು.
ಮೂವತ್ತೆಂಟನೇ ನಿಮಿಷಕ್ಕೆ ಪರದೆಯ ಅಂಕಿ ಜಾರತೊಡಗಿತು,
ಸಾವಿರದ ನಾನೂರು, ಒಂಬೈನೂರು,
ಕಾಲಡಿಯ ನಡುಕ ಸಣ್ಣದಾಯಿತು.
ಲ್ಯಾಪ್‌ಟಾಪು ಮುಚ್ಚಿ
ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಅರ್ಧ ಸುತ್ತು.

ಟ್ಯಾಂಕು ಉಸಿರೆಳೆದುಕೊಂಡಿತು.

ಉದ್ದಕ್ಕೆ, ಗಂಟಲು ತುಂಬ.
ಆ ಸದ್ದು ನನಗೆ ಗೊತ್ತು.
ವಾಸ್ಕೋ ಬಂದರಿನಲ್ಲಿ ಅದಿರು ಹೊತ್ತ ಅಪ್ಪ
ನಡುರಾತ್ರಿ ಎದ್ದು ಕೂತು, ಕಿಟಕಿಯ ಸರಳು ಹಿಡಿದು,
ಹೀಗೇ ಎಳೆಯುತ್ತಿದ್ದ.

ಇಂಜಿನ್ನು ತನ್ನ ದನಿಗೆ ಬಂತು.
ಪಾಸ್ಕು ಬೀಡಿ ಹಚ್ಚುವುದು ಮರೆತ.

ಡೆಕ್ಕಿನ ಅಂಚಿಗೆ ಕೊಕ್ಕರೆಯ ಕತ್ತಿನಂತೆ ಬಾಗಿದ ಗಾಳಿಕೊಳವೆ.
ತಂತಿ ತೂರಿಸಿದೆ. ಅಂಗೈಗೆ ಉದುರಿತು
ನುಣ್ಣಗೆ ಮೆತ್ತಿದ ಕೆಮ್ಮಣ್ಣು.
ಕುಂಬಾರ ಹುಳದ ಕೆಲಸ:
ಯಾರೂ ಹತ್ತದ ಎರಡು ತಿಂಗಳು
ದಂಡೆಯಿಂದ ಒಂದೊಂದೇ ಗುಟುಕು ಮಣ್ಣು ಹೊತ್ತು ಕಟ್ಟಿದ ಮನೆ.
ಎರಡು ಕೋಣೆ ಖಾಲಿ. ಮೂರನೆಯದರಲ್ಲಿ
ಜಡವಾಗಿ ಬಿದ್ದ ಹಸಿರು ಹುಳುವಿನ ಪಕ್ಕ
ನುಚ್ಚಕ್ಕಿಯಷ್ಟು ಬಿಳಿ ಮರಿ, ಡೀಸೆಲ್ಲಿನ ಹಬೆಯಲ್ಲೇ ಬೆಳೆದದ್ದು,
ಬೆಳಕಿಗೆ ಮುದುಡಿತು.

ಕಂಪನಿಯ ಪುಸ್ತಕದಲ್ಲಿ ಆರುನೂರ ಚಿಲ್ಲರೆ ದೋಷಗಳಿವೆ,
ಒಂದೊಂದಕ್ಕೂ ಒಂದು ನಂಬರು.
ಜೆಟ್ಟಿಗೆ ಮರಳಿ, 'ಕಾರಣ' ಎಂಬ ಖಾನೆಯ ಮೇಲೆ
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.

ಎಸ್ಪೆರಾನ್ಸಾ ಬಾಯಿ ಆ ಮಣ್ಣಿನ ಚೂರನ್ನು
ಪಂಪಿನ ಬಿಲ್ಲಿನ ಮೇಲೆ, ಡಬ್ಬಿಯಲ್ಲಿಟ್ಟರು.
ಎಷ್ಟು ಕೊಡಲಿ ಎಂದರು.
ಮುಚ್ಚಳ ಮಾತ್ರ ಪೂರ್ತಿ ಒತ್ತಲಿಲ್ಲ.