ಆರಾದ ಮೇಲೆ

ಸಂಜೆ ಆರಾದ ಮೇಲೆ ಮಂಡ್ಯದ ಬೆಲ್ಲದ ಮಂಡಿಯ ಹರಾಜುಕಟ್ಟೆ
ಯಾರದೂ ಅಲ್ಲ.
ಕೊನೆಯ ಟೆಂಪೋ ಹೋಗಿ, ಇರುವೆಗಳು ಬಂದು,
ನಾನು ಲೆಕ್ಕದ ಪುಸ್ತಕಕ್ಕೆ ರಬ್ಬರ್ ಬ್ಯಾಂಡು ಹಾಕುವಷ್ಟರಲ್ಲಿ
ಅವರು ಬರುತ್ತಾರೆ,
ಕಂಕುಳಲ್ಲಿ ಸುರುಳಿ ಸುತ್ತಿದ ಹಳೇ ಫ್ಲೆಕ್ಸು.

ಮಗುಚಿ ಹಾಸುತ್ತಾರೆ. ಮುಖ ನೆಲಕ್ಕೆ.
ಯಾರೋ ಮುಖಂಡರ ಹುಟ್ಟುಹಬ್ಬ,
ಕೈಮುಗಿದ ನಲವತ್ತು ಮಂದಿ ಶುಭಕೋರುವವರು
ಸಿಮೆಂಟಿಗೆ ಮೂಗು ಒತ್ತಿ ಮಲಗುತ್ತಾರೆ.
ಅವರ ಬೆನ್ನ ಬಿಳಿಯ ಮೇಲೆ
ಗುತ್ತಲು ರಸ್ತೆಯ ಪಂಕ್ಚರ್ ಅಂಗಡಿಯ ರುಹೀನಾ
ತಲೆ ಊರಿ ಬುಗುರಿಯಾಗುತ್ತಾಳೆ.

ಮೊದಲ ದಿನ ಬೈಯಲೆಂದೇ ಹೋಗಿದ್ದೆ.
‘ಏನ್ರಮ್ಮಾ ಇದು, ಮಂಡಿನಾ, ಸರ್ಕಸ್ಸಾ?’
ಅವಳು ಅಂದದ್ದು: ‘ಅಣ್ಣಾ, ಸ್ಪೀಕರ್ ಸತ್ತೋಗದೆ.
ನಿಮ್ ಗಂಟ್ಲು ಚೆನ್ನಾಗದೆ.
ಎಂಟರ ತನಕ ಎಣುಸ್ತೀರಾ?’

ಎಣಿಸುವುದೊಂದೇ ನನಗೆ ಗೊತ್ತಿರುವುದು.
ಹನ್ನೊಂದು ವರ್ಷ ಮೂಟೆ ಎಣಿಸಿದ್ದೇನೆ.
ಒಂದು ಅನ್ನಬಾರದು, ಅಪ್ಪ ಕಲಿಸಿದ್ದು,
ಮೊದಲನೆಯದಕ್ಕೆ ಲಾಭ ಅನ್ನಬೇಕು.
ಹಾಗೇ ಶುರುವಿಟ್ಟೆ: ಲಾಭ, ಎರಡು, ಮೂರು...
ಹುಡುಗರು ಫ್ಲೆಕ್ಸಿನ ಮೇಲೆ ಉರುಳಾಡಿ ನಕ್ಕರು.
ಮುಂದಿನ ವಾರದಿಂದ ಎಲ್ಲರ ಕಾಲೂ
ಲಾಭದಿಂದಲೇ ಎದ್ದವು.

ನಾನೂ ಕಲಿತೆ. ಮುಂಗೈ ಮೊದಲು, ಮೊಣಕಾಲು ಆಮೇಲೆ,
ನಾಚಿಕೆ ಎಲ್ಲಕ್ಕಿಂತ ಕೊನೆಗೆ.
ಆರು ಹೆಜ್ಜೆಯ ಸುತ್ತು ಮೂರರಲ್ಲೇ ಸಿಕ್ಕಿಕೊಂಡಿತು ಹದಿನೈದು ದಿನ.
ಸೊಂಟಕ್ಕೆ ಮುಲಾಮು, ಮನೆಯಲ್ಲಿ ಸುಳ್ಳು: ಮೂಟೆ ಜಾರಿತು.
‘ಯಾವ್ ಮೂಟೆಯಪ್ಪಾ ಅದು, ದಿನಾ ಜಾರದು?’
ಜಯಶೀಲಳ ಕೈ ಉಜ್ಜುತ್ತಲೇ ಇತ್ತು.
‘ಬೆನ್ನೆಲ್ಲ ಯಾಕಿಂಗೆ ಅಂಟು?’

ನೆಲದ ಅಂಟು. ಎಷ್ಟು ತೊಳೆದರೂ ಬಿಡದ ವರ್ಷಗಳ ಬೆಲ್ಲ.
ಫ್ಲೆಕ್ಸಿನಾಚೆ ಕೈಯೂರಿದರೆ ಅಂಗೈ ಎತ್ತುವಾಗ ಚಟ್ ಅನ್ನುತ್ತದೆ.
ಫ್ರೀಜ್ ಹಿಡಿದು ನಿಂತರೆ ಒಂದು ಇರುವೆ
ಮಣಿಕಟ್ಟು ಹತ್ತಿ, ತೋಳಿನ ತನಕ ಬಂದು, ವಿಚಾರಿಸುತ್ತದೆ.
ಅಲ್ಲಾಡಬಾರದು.
ಲಾರಿ ಕ್ಲೀನರ್ ಚಲುವ ಕಚ್ಚಿಸಿಕೊಂಡೂ ಕಲ್ಲಾಗಿರುತ್ತಾನೆ,
ಇಳಿದ ಮೇಲೆ ಅಳುತ್ತಾನೆ.

‘ಹೆಜ್ಜೆ ಕಲಿಸ್ಬೋದು ಅಣ್ಣಾ,
ಫ್ರೀಸ್ಟೈಲ್ ಕಲ್ಸಕ್ಕಾಗಲ್ಲ. ಸೈಫರ್ ಒಳಕ್ಕೆ ಓಗ್ಬೇಕು ಅಷ್ಟೆ.’
ಸೈಫರ್ ಅಂದರೆ?
‘ಸುತ್ತ ಎಲ್ಲಾ ನಿಂತಿರ್ತಾರೆ, ಮಧ್ಯ ಖಾಲಿ ಇರ್ತದೆ. ಅದು.’
ಅಂದರೆ ಸೊನ್ನೆ.
ಸೊನ್ನೆ ನನಗೆ ಗೊತ್ತು,
ಬೆಳಿಗ್ಗೆ ಮೊದಲ ಮೂಟೆಗೆ ಮುಂಚೆ ಕಾಟಾ ತೋರಿಸಬೇಕಾದ್ದು.
ಅದರೊಳಗೆ ಇಳಿಯುವುದು ಗೊತ್ತಿರಲಿಲ್ಲ.

ಮೈಸೂರಿನಿಂದ ಪ್ಯಾಸೆಂಜರ್ ರೈಲಿಗೆ ಒಂದು ತಂಡ ಬಂದ ಭಾನುವಾರ.
ಸ್ಪೀಕರ್ ರಿಪೇರಿಯಾಗಿತ್ತು.
ಎಣಿಸುವವನು ಬೇಕಿರಲಿಲ್ಲ.
ಬಾಯಿಗೆ ಕೆಲಸವಿಲ್ಲದೆ ನಿಂತವನನ್ನು ಯಾರೋ ನೂಕಿದರು,
ಅಥವಾ ನಾನೇ ಹೋದೆನೋ.
ಕಲಿತದ್ದೆಲ್ಲ ಬಾಗಿಲಾಚೆ ಬಿಟ್ಟ ಚಪ್ಪಲಿಯ ಹಾಗೆ ಹೊರಗೇ ಉಳಿಯಿತು.
ಭುಜ ಒಂದು ಸಲ ಎಡಕ್ಕೆ ಹೋಯಿತು,
ಅದನ್ನು ನೋಡಿ ಸೊಂಟ.
ಒಂದು ಗಳಿಗೆ, ನಿಜ ಹೇಳುತ್ತೇನೆ,
ತಲೆಯೊಳಗೆ ಲೆಕ್ಕ ನಿಂತಿತು,
ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಅಷ್ಟರಲ್ಲಿ ಬಿದ್ದೆ. ಫ್ಲೆಕ್ಸಿನಾಚೆ, ಅಂಗಾತ.
ಮೇಲೆ ತಗಡಿನ ತೂತಿನಲ್ಲಿ
ನಕ್ಷತ್ರವೋ, ಟವರಿನ ದೀಪವೋ.
ಯಾರೂ ನಗಲಿಲ್ಲ, ಅದೇ ಭಯ.
ಆಮೇಲೆ ಪಾಟಿನ ಸದ್ದಿನ ಮೇಲೆ
ಚಲುವನ ಒಡಕು ದನಿ:
‘ಏಳು!’

ಲೆಕ್ಕವೋ, ಎಬ್ಬಿಸುವುದೋ.
ಆರಾದ ಮೇಲಿನದನ್ನು
ಇಷ್ಟು ವರ್ಷ ಸುಮ್ಮನೆ ಕೂಗಿದ್ದೆನಲ್ಲ,
ಎಷ್ಟು ಮೂಟೆಗಳಿಗೆ.
ಒಂದೂ ಎದ್ದಿರಲಿಲ್ಲ.

ನಾನೂ ತಕ್ಷಣ ಏಳಲಿಲ್ಲ.
ಬೆನ್ನು ನೆಲಕ್ಕೆ ಹಿಡಿದಿತ್ತು.
ಎಂಟು ದಾಟಿತು,
ಮತ್ತೆ ಲಾಭ ಬಂತು,
ಚಟ್ ಎಂದು ಬಿಡಿಸಿಕೊಂಡು
ಎರಡಕ್ಕೆ ಎದ್ದೆ.