ಎರಡು ತಟ್ಟು

ಬ್ಯೂಟ್ ಊರಿನ ಮುಚ್ಚಿದ ಗಣಿಯ ಕೆಳಗೆ, ಲಾಂಡ್ರಿಯ ಪಕ್ಕದ ಬಾರಿನಲ್ಲಿ
ಗುರುವಾರ ಗುರುವಾರ ನಾನು ಎಲೆ ಹಂಚುತ್ತೇನೆ.
ಒಂದು ಡಾಲರು, ಎರಡು ಡಾಲರಿನ ಆಟ.
ಇಲ್ಲಿ ಯಾರ ಮನೆಯೂ ಮುಳುಗುವುದಿಲ್ಲ,
ಸೋರುವ ಮಾಡು ಹೊದಿಸುವಷ್ಟು ಯಾರಿಗೂ ಸಿಗುವುದಿಲ್ಲ.

ಐದನೆಯ ಕುರ್ಚಿ ಡೆಲ್ಮಾ ಪೆಂಗೆಲ್ಲಿಯದು.
ಸ್ಕೂಲ್ ಬಸ್ಸು ಓಡಿಸಿ ರಿಟೈರಾದವಳು,
ಮೂವತ್ತೊಂದು ಚಳಿಗಾಲ.
ಕೆಟ್ಟ ಎಲೆ ಬಂದರೆ ಮಾತೇ ಮಾತು:
ಮೊಣಕಾಲು, ಸೂಪಿಗೆ ಹೆಚ್ಚಾದ ಉಪ್ಪು,
ತಮ್ಮನ ಎರಡನೆಯ ಹೆಂಡತಿ.
ಒಳ್ಳೆ ಎಲೆ ಬಂದಿತೋ
ಎರಡೂ ಅಂಗೈ ಅದರ ಮೇಲೆ,
ಕಾವಿಗೆ ಕೂತ ಕೋಳಿ.

ಇವತ್ತು ಆಟೀನ್ ರಾಜ, ಇಸ್ಪೀಟ್ ರಾಜ.
ಎಲೆ ನಾನು ಆಮೇಲೆ ನೋಡಿದ್ದು; ಆಗ ನೋಡಿದ್ದು ಅಂಗೈ ಮಾತ್ರ.
ಹದಿನೈದು ಮುಂದೆ ತಳ್ಳಿದ್ದರೆ
ಅರ್ಧ ಟೇಬಲ್ಲು ಎದ್ದು ಬಿಯರಿಗೆ ಹೋಗುತ್ತಿತ್ತು.
ಡೆಲ್ಮಾ ಎರಡೇ ಎರಡು ಇಟ್ಟಳು,
ಚರ್ಚಿನ ತಟ್ಟೆಗೆ ಹಾಕುವಂತೆ, ಸದ್ದಾಗದಂತೆ.

ಬಂದರು ಎಲ್ಲರೂ,
ಬಾಗಿಲು ತೆರೆದಿಟ್ಟ ಮದುವೆಮನೆಗೆ ಬಂದ ಹಾಗೆ:
ಬಡಗಿ, ಹಲ್ಲಿನ ಡಾಕ್ಟರ ಗುಮಾಸ್ತೆ, ನಿದ್ದೆಗಣ್ಣಿನ ಪ್ಲಂಬರ್,
ಹಾಲ್ವರ್ಸನ್ ಮನೆಯ ಕಿರಿಯವ, ವೆಲ್ಡರ್ ಹುಡುಗ,
ಕೈಯಲ್ಲಿ ಆರು ಮತ್ತು ನಾಲ್ಕು.
ಆರು ಮತ್ತು ನಾಲ್ಕು!
ಅದನ್ನು ಹಿಡಿದವನು ಕೋಟು ಹುಡುಕಿಕೊಂಡು ಮನೆಗೆ ಹೋಗಬೇಕು.

ಮೂರು ಎಲೆ ತಿರುವಿದೆ. ಆರು, ಎರಡು, ಹತ್ತು.
ಡೆಲ್ಮಾ ಬೆರಳಗೆಣ್ಣಿನಿಂದ ಮೇಜು ತಟ್ಟಿದಳು: ಟಕ್ ಟಕ್.
ನನ್ನದೇನಿಲ್ಲ, ನೀವು ಆಡಿ, ಅಂತ ಅರ್ಥ.
ಎಲ್ಲರೂ ತಟ್ಟಿದರು.
ನಾಲ್ಕನೆಯ ಎಲೆ ನಾಲ್ಕು.
ಟಕ್ ಟಕ್. ಹುಡುಗ ಎಂಟು ಇಟ್ಟ. ಇವಳೂ ಇಟ್ಟಳು.
ಕೊನೆಯದು ರಾಣಿ.
ಟಕ್ ಟಕ್. ಹುಡುಗ ಇಪ್ಪತ್ತು. ಇವಳೂ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ.
ಇವಳದು ಕೈ ಬಿಟ್ಟು ಹೊರಡುವುದೇ ಇಲ್ಲ.

"ರಾಜರಿಬ್ಬರು ಇದ್ದರು ಕಣಪ್ಪ," ತಿರುವಿ ತೋರಿಸಿದಳು.
"ಮತ್ತೆ ಏರಿಸಲಿಲ್ಲ ಯಾಕೆ?" ಹುಡುಗ, ಚಿಪ್ಸು ಪೇರಿಸುತ್ತ.
"ಒಳ್ಳೆ ಎಲೆ ಬಂದರೆ ನನಗೆ ಒಂಥರಾ ನಾಚಿಕೆ."

ಹೋದ ತಿಂಗಳು ನಾಲ್ಕು ಒಂಬತ್ತು ಬಂದಿತ್ತು ಅವಳಿಗೆ.
ವರ್ಷಕ್ಕೊಮ್ಮೆ ಬರುವಂಥದ್ದು.
ತಟ್ಟಿದಳು, ತಟ್ಟಿದಳು, ತಟ್ಟಿದಳು.
ಯಾರೂ ಕಾಸು ಬಿಚ್ಚಲಿಲ್ಲ. ಗೆದ್ದದ್ದು ಹನ್ನೊಂದು ಡಾಲರು.
"ಸೋಲಲಿಲ್ಲವಲ್ಲ," ಅಂದಳು.

ಹಂಚುವವನು ಬುದ್ಧಿ ಹೇಳುವ ಹಾಗಿಲ್ಲ, ಅದು ನಿಯಮ.
ಆದರೆ ಅವಳು ಇದನ್ನು ಎಲ್ಲಿ ಕಲಿತಳೆಂದು ನನಗೆ ಗೊತ್ತು.

ಒಂದು ಜನವರಿ, ವಾಕರ್‌ವಿಲ್ ಇಳಿಜಾರು,
ರಸ್ತೆ ಮೇಲೆ ಗಾಜಿನಂತೆ ಹಿಮ. ಬಸ್ಸು ಅಡ್ಡಕ್ಕೆ ಜಾರಿತು.
ಬೇರೆ ಯಾರೇ ಆದರೂ ಬ್ರೇಕು ತುಳಿಯುತ್ತಿದ್ದರು.
ಅವಳು ಕಾಲೆತ್ತಿದಳು.
ಸ್ಟೀರಿಂಗಿನ ಮೇಲೆ ಎರಡೂ ಅಂಗೈ ಇಟ್ಟು
ಏನೂ ಮಾಡದೆ ಕೂತಳು,
ಬಸ್ಸಿಗೆ ತಾನಾಗಿ ದಾರಿ ನೆನಪಾಗುವ ತನಕ.
ಹತ್ತೊಂಬತ್ತು ಮಕ್ಕಳು.
ಮೂರನೆಯ ಸೀಟು, ಕಿಟಕಿ ಪಕ್ಕ, ಕೆಂಪು ಉಣ್ಣೆಟೋಪಿ:
ನಾನು.

ಆರು ವರ್ಷದ ಗುರುವಾರಗಳಾದವು, ಹೇಳಿಲ್ಲ.
ಗಡ್ಡ ಬಂದಿದೆ, ಅವಳಿಗೆ ಗುರುತು ಸಿಕ್ಕಿಲ್ಲ.
ಟೇಬಲ್ಲು ಖಾಲಿಯಾಗಲಿ, ಅವಳು ಗೆದ್ದ ದಿನವಾಗಲಿ,
ಹೀಗೇ ಏನೋ ಒಂದು ಕಾಯುತ್ತೇನೆ.

ಹನ್ನೊಂದಕ್ಕೆ ಎದ್ದಳು. ಒಂದು ಡಾಲರು ನನ್ನ ಕಡೆ ಸರಿಸಿದಳು.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಎಂಜಿನ್ ಕಾಯಲು ಬಿಟ್ಟು ಕಿಟಕಿಯ ಹತ್ತಿರ ಬಂದಳು,
ಮಂಜುಗಟ್ಟಿದ ಗಾಜಿಗೆ ಗೆಣ್ಣು ತಾಗಿಸಿ ಟಕ್ ಟಕ್,
ಬರ್ತೀನಿ.

ಬಾಯಿ ತೆರೆದೆ.
ಹಸಿರು ಬಟ್ಟೆಯ ಮೇಲೆ ನನ್ನ ಗೆಣ್ಣು
ಟಕ್ ಟಕ್.